ಅಣ್ಣನ ಕಾಲಿಗೆ ಸಿಗದ ಪೆಡಲ್

ನನ್ನಣ್ಣ ಲಷ್ಕರ್ ಮೊಹಲ್ಲಾದ ಒಬ್ಬ ವಕೀಲರ ಬಳಿ ಡ್ರೈವರ್ ಆಗಿದ್ದ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರು. ಅದರ ರಿಪೇರಿಯೆಲ್ಲ ಮಂಡಿ ಮೊಹಲ್ಲಾದ ನನ್ನ ಶೆಡ್ಡಿನಲ್ಲೇ. ಮೂರನೇ ಕ್ಲಾಸಿಗೆ ಓದು ಬಿಟ್ಟವನಾದರೂ ಕಾರಿನ ವಿಷಯದಲ್ಲಿ ನನ್ನ ಮಾತೇ ಕೊನೆ ಎಂಬ ಜಂಬ ನನಗಿತ್ತು.

ಒಂದೇ ತಿಂಗಳಲ್ಲಿ ಅಣ್ಣ ಮೂರು ಸಲ ಬಂದ. "ಬೆಟ್ಟ ಹತ್ತೋವಾಗ ಆಕ್ಸಿಲೇಟರ್ ಕಾಲಿಗೆ ಸಿಗಲ್ಲ ಕಣೋ. ಸುಮ್ನೆ ಒಳಗೋಗ್ಬುಡ್ತದೆ."

ಪ್ರತಿ ಸಲವೂ ಬಾನೆಟ್ ಎತ್ತಿ, ಪೆಡಲಿನಿಂದ ಕಾರ್ಬುರೇಟರಿಗೆ ಹೋಗುವ ಕಡ್ಡಿಯನ್ನು ಕೈಯಿಂದ ಎಳೆದು ನೋಡಿದೆ. ಸರಿಯಾಗಿಯೇ ಇತ್ತು. ವಕೀಲರ ತಾಯಿಯನ್ನು ಪ್ರತಿ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯುವುದನ್ನು ತಪ್ಪಿಸಿಕೊಳ್ಳಲು ನೆಪವೇ? ಕುಡಿಯುತ್ತಾನೆಯೇ? ಹತ್ತಿರ ಹೋಗಿ ಮೂಸಿದೆ. ವೀಳ್ಯದೆಲೆಯ ವಾಸನೆ. ಇನ್ನೊಂದು ವಾಸನೆ ಮುಚ್ಚಲೆಂದೇ ಎಲೆ ಹಾಕಿದ್ದಾನೆ ಎಂದುಕೊಂಡೆ. ಅವನು ಟೀಗೆ ಹೋದಾಗ ಸೀಟಿನಡಿ ತಡಕಿದೆ. ಒರೆಸುವ ಬಟ್ಟೆ ಬಿಟ್ಟು ಏನೂ ಇಲ್ಲ. ಬಾಟಲಿಯನ್ನು ಬೇರೆಲ್ಲೋ ಇಟ್ಟಿದ್ದಾನೆ ಎಂದುಕೊಂಡೆ.

ಮುಂದಿನ ಶುಕ್ರವಾರ ಬೆಟ್ಟದ ತಿರುವಿನಲ್ಲಿ ಕಾರು ನಿಂತು ಹಿಂದಕ್ಕೆ ಜಾರಿತು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ವಕೀಲರೇ ಶೆಡ್ಡಿಗೆ ಬಂದರು.

"ನಿಜ ಹೇಳಯ್ಯ. ಗಾಡಿ ತಪ್ಪೋ, ನಿಮ್ಮಣ್ಣನ ತಪ್ಪೋ?"

"ಗಾಡಿ ಸರ್ಯಾಗದೆ ಸ್ವಾಮಿ."

ಅಷ್ಟೇ ಹೇಳಿದ್ದು. ಅಂದೇ ಅಣ್ಣನ ಕೆಲಸ ಹೋಯಿತು.

ಹದಿನೈದು ದಿನಕ್ಕೆ ಹೊಸ ಡ್ರೈವರ್ ಅದೇ ದೂರು ತಂದ. ಅಣ್ಣನೇ ಇವನ ತಲೆ ಕೆಡಿಸಿದ್ದಾನೆಂದು ಇವನ ಮೇಲೂ ಅನುಮಾನಪಟ್ಟೆ. ಸುಳ್ಳು ಹಿಡಿಯಬೇಕೆಂದೇ ಇಂಜಿನ್ ಓಡಿಸಿ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕ್ಲಚ್ ಅರ್ಧ ಬಿಟ್ಟು ಪೆಡಲ್ ಒತ್ತಲು ಅವನಿಗೆ ಹೇಳಿದೆ. ಭಾರ ಬಿದ್ದು ಇಂಜಿನ್ ಒಂದು ಕಡೆಗೆ ವಾಲಿತು. ಕಡ್ಡಿಯ ಪಿನ್ ತನ್ನ ತೂತಿನಲ್ಲಿ ಜಾರಿ, ಪೆಡಲ್ ಸುಮ್ಮನೆ ಒಳಗೆ ಹೋಯಿತು. ತೂತು ಸವೆದು ಹುಣಿಸೆಬೀಜದಷ್ಟು ಅಗಲವಾಗಿತ್ತು. ಹಿಂದಿನ ಮೂರು ಸಲವೂ ನಾನು ಇಂಜಿನ್ ಆರಿಸಿಯೇ ನೋಡಿದ್ದೆ.

ತೂತಿಗೆ ಬುಷ್ ಎಂಬ ಲೋಹದ ಬಳೆ ಕೂರಿಸಿ ಹೊಸ ಪಿನ್ ಹಾಕಿದೆ. ಅರ್ಧ ಗಂಟೆಯ ಕೆಲಸ. ಏನಾಗಿತ್ತೆಂದು ಡ್ರೈವರ್ ಕೇಳಿದಾಗ "ಗ್ರೀಸ್ ಒಣಗಿತ್ತು" ಎಂದೆ.

ಆ ವಾರವೇ ಅಣ್ಣನಿಗೆ ಬಸ್ ಓಡಿಸುವ ಕೆಲಸಕ್ಕೆ ಕರೆ ಬಂತು. ಹೋಗುವ ಮುಂಚೆ ಶೆಡ್ಡಿಗೆ ಬಂದು ಕೇಳಿದ: "ಪೆಡಲ್ ನಿಜ್ವಾಗ್ಲೂ ಲೂಸಿತ್ತೇನೋ? ಇಲ್ಲ, ನಂಗೇ ಅಂಗನ್ನಿಸ್ತಿತ್ತಾ?"

ಹೇಳಿದರೆ ವಕೀಲರಿಗೂ ಹೇಳಬೇಕಾಗುತ್ತದೆ. ನನ್ನ ಹೆಸರು ಕೆಡುತ್ತದೆ.

"ನಿಂಗೇ ಅನ್ನಿಸಿರ್ಬೇಕು ಕಣಣ್ಣ."

ನನ್ನ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. "ಅಂಗಾದ್ರೆ ಅಷ್ಟು ಜನನ ಕೂರಿಸ್ಕೊಂಡು ಓಡಿಸ್ಬಾರ್ದು ಬುಡು" ಎಂದವನು ಬಸ್ಸಿನ ಕೆಲಸಕ್ಕೆ ಹೋಗಲಿಲ್ಲ. ಅಕ್ಕಿ ಮಂಡಿಯಲ್ಲಿ ಮೂಟೆ ಹೊರಲು ಸೇರಿದ. ಸಾಯುವವರೆಗೂ ಅವನು ಸ್ಟೇರಿಂಗ್ ಮುಟ್ಟಲಿಲ್ಲ, ನಾನು ಬಾಯಿ ಬಿಡಲಿಲ್ಲ.