ನಾಲ್ಕು ಪಿನ್ ಹೊಡೆದ ಪುರಾವೆ

2022ರಲ್ಲಿ ನಾನು ಹುಬ್ಬಳ್ಳಿಯ ಗೋಪನಕೊಪ್ಪದ ಒಂದು ಸಣ್ಣ ಜಿಮ್‌ನಲ್ಲಿ ಬೆಳಗಿನ ಬ್ಯಾಚಿನ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ. ಆಗ ನನ್ನ ವಯಸ್ಸು ನಲವತ್ತೇಳು. ಅದಕ್ಕೂ ಮೊದಲು ಇಪ್ಪತ್ತೊಂದು ವರ್ಷ ವಾಹನ ವಿಮೆಯ ಸರ್ವೇಯರ್ ಆಗಿದ್ದೆ. ಅಪಘಾತವಾದ ಗಾಡಿಯ ನೆಗ್ಗು ನೋಡಿ, ಅದು ನಿನ್ನೆಯದೋ ಮೂರು ವರ್ಷದ ಹಿಂದಿನದೋ ಎಂದು ಹೇಳುವ ಕೆಲಸ. ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದಾರೆ ಎಂದು ನಂಬುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಬಿಪಿ ಏರಿತು, ಡಾಕ್ಟರು ವ್ಯಾಯಾಮ ಮಾಡಿ ಎಂದರು. ವ್ಯಾಯಾಮಕ್ಕೆ ಹೋದವನು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಅಲ್ಲೇ ಉಳಿದುಬಿಟ್ಟೆ. ಕೆಲಸ ಬಿಟ್ಟಿತು, ಸಂಶಯ ಬಿಡಲಿಲ್ಲ. ಹೊಟ್ಟೆಯೂ ಬಿಡಲಿಲ್ಲ.

ಜಿಮ್ ಮಾಲೀಕರು ರಿಯಾಜ್. ಮೊದಲು ಗ್ಯಾರೇಜ್ ಇಟ್ಟುಕೊಂಡಿದ್ದವರು, ನನ್ನನ್ನು ಆಗಿನಿಂದಲೇ ಬಲ್ಲವರು. ಸೇರಿದ ದಿನವೇ ಎಚ್ಚರಿಸಿದ್ದರು: "ಸರ್, ಇಲ್ಲಿ ಮಂದಿಗೆ ಭಾರ ಎತ್ತೂದು ಕಲಸ್ರಿ. ಯಾವಾಗ ಗುದ್ದಿತ್ತು, ಎಲ್ಲಿ ಗುದ್ದಿತ್ತು ಅಂತ ಕೇಳಬ್ಯಾಡ್ರಿ."

ಆ ಡಿಸೆಂಬರಿನಲ್ಲಿ ಈರಪ್ಪ ಎಂಬ ಕಾಳಿನ ವ್ಯಾಪಾರಿ ಬಂದರು. ವಯಸ್ಸು ಐವತ್ತಾರು. ಹೊಸಬರು ಆರೋಗ್ಯದ ಫಾರ್ಮ್ ತುಂಬುವುದು ನಮ್ಮಲ್ಲಿ ನಿಯಮ. 'ಯಾವುದಾದರೂ ರೋಗ ಇದೆಯೇ?' ಎಂಬಲ್ಲಿ ಅವರು ದುಂಡಗೆ 'ಏನೂ ಇಲ್ಲ' ಎಂದು ಬರೆದರು. ನನಗೆ ಅಲ್ಲೇ ಮೊದಲ ಅನುಮಾನ. ಐವತ್ತಾರಕ್ಕೆ ಏನೂ ಇಲ್ಲದ ಮನುಷ್ಯ ಎಲ್ಲಿರುತ್ತಾನೆ? ನನಗೇ ಹನ್ನೊಂದು ರೋಗಗಳಿವೆ. ಅವುಗಳಲ್ಲಿ ಏಳನ್ನು ಡಾಕ್ಟರು ಒಪ್ಪುವುದಿಲ್ಲ, ಆ ಮಾತು ಬೇರೆ.

ಎರಡನೆಯ ವಾರ ಕನ್ನಡಿಯಲ್ಲಿ ಒಂದು ದೃಶ್ಯ ಕಂಡೆ. ವ್ಯಾಯಾಮದ ನಡುವೆ ಈರಪ್ಪ ಮೂಲೆಗೆ ಹೋದರು. ಗೂಟಕ್ಕೆ ಹಾಕಿದ್ದ ತಮ್ಮ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಮಾರುಕಟ್ಟೆಯಲ್ಲಿ ಕಾಳಿನ ಸ್ಯಾಂಪಲ್ ಕಟ್ಟುತ್ತಾರಲ್ಲ, ಅದೇ ಮಡಿಕೆ. ಗೋಡೆಯತ್ತ ತಿರುಗಿ, ಎದೆಯ ಮೇಲೆ ಕೈಯಿಟ್ಟು, ಕ್ಷಮೆ ಕೇಳುವವರಂತೆ ತಲೆ ಬಾಗಿಸಿ, ಬಿಳಿ ಪುಡಿಯನ್ನು ಬಾಯಿಗೆ ಹಾಕಿಕೊಂಡರು. ತಪ್ಪು ಮಾಡುವವರೇ ಕ್ಷಮೆ ಕೇಳುವುದು ಎಂದು ನಾನು ಷರಾ ಬರೆದುಕೊಂಡೆ. ಮನಸ್ಸಿನಲ್ಲಲ್ಲ, ಡೈರಿಯಲ್ಲಿ.

ಸ್ನಾಯು ಬೇಗ ಬೆಳೆಯಲೆಂದು ಕೆಲವರು ಕದ್ದು ಸ್ಟೆರಾಯ್ಡ್ ತೆಗೆದುಕೊಳ್ಳುತ್ತಾರೆ. ಅದು ಹೃದಯಕ್ಕೆ ಕೆಟ್ಟದ್ದು. ಈ ಮನುಷ್ಯ ನನ್ನ ಬ್ಯಾಚಿನಲ್ಲೇ ಕುಸಿದರೆ? ರಿಯಾಜ್‌ಗೆ ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಟ್ಟು ನಕ್ಕರು. "ಆ ತೋಳ ನೋಡೀರೇನ್ರಿ? ಅದು ಸ್ಟೆರಾಯ್ಡ್ ತಗೊಂಡ ತೋಳ ಆಗಿದ್ರ, ಅವ್ರು ಅಂಗಡಿಯವನ ಕಡೆ ರೊಕ್ಕ ವಾಪಸ್ ಕೇಳಬೇಕು."

ನನಗೆ ನಗು ಬರಲಿಲ್ಲ. ಮೊದಲು ಪುರಾವೆ ವಶಕ್ಕೆ ತೆಗೆದುಕೋ, ಆಮೇಲೆ ಪ್ರಶ್ನೆ ಕೇಳು: ಸರ್ವೇಯರ್ ಆಗಿ ಕಲಿತದ್ದು ಅದೇ. ಮರುದಿನ ಬೆಳಿಗ್ಗೆ ಈರಪ್ಪ ಟ್ರೆಡ್‌ಮಿಲ್ ಮೇಲಿದ್ದಾಗ ಅವರ ಜೇಬಿನಿಂದ ಪೊಟ್ಟಣ ತೆಗೆದು, ಲಕೋಟೆಗೆ ಹಾಕಿ, ಮೇಲೆ ದಿನಾಂಕ, ಸಮಯ ಬರೆದು, ಬಾಯಿಗೆ ನಾಲ್ಕು ಪಿನ್ ಹೊಡೆದು ಮೇಜಿನ ಡ್ರಾಯರಿನಲ್ಲಿಟ್ಟೆ. ಆರು ಗಂಟೆ ಇಪ್ಪತ್ತು ನಿಮಿಷ.

ಆರೂ ನಲವತ್ತರ ಸುಮಾರಿಗೆ ಅವರು ಡಂಬೆಲ್ ಕೆಳಗಿಟ್ಟರು. ಮುಖದಲ್ಲಿ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು. ಪುಡಿ ಸಿಗದ ನಡುಕ ಎಂದುಕೊಂಡೆ. ಖುಷಿಯೂ ಆಯಿತು, ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅವರು ತಡವರಿಸುತ್ತ ಅಂಗಿಯ ಜೇಬುಗಳನ್ನೆಲ್ಲ ಹುಡುಕಿ ನನ್ನ ಬಳಿ ಬಂದರು.

"ಸರ್... ನನ್ನ ಪೊಟ್ಟಣ ಇತ್ತಲ್ರೀ..."

"ಯಾವ ಪೊಟ್ಟಣ?" ಎಂದೆ, ಹಳೆಯ ವಿಚಾರಣೆಯ ದನಿಯಲ್ಲಿ.

ಅವರು ಹಾಗೇ ನೆಲಕ್ಕೆ ಕುಳಿತರು. ಕಣ್ಣು ತೆರೆದೇ ಇತ್ತು, ಮಾತು ಮಾತ್ರ ತೊದಲುತ್ತಿತ್ತು. "ಸಕ್ರಿ... ಸಕ್ರಿ..."

ರಿಯಾಜ್ ಓಡಿ ಬಂದರು. "ಕಾಕಾ, ಶುಗರ್ ಐತೇನ್ರೀ ನಿಮಗ? ಸೂಜಿ ತಗೋತೀರೇನು?" ಈರಪ್ಪ ತಲೆಯಾಡಿಸಿದರು. "ಸರ್, ಲಗೂ ಏನರ ಸಿಹಿ ತರ್ರಿ! ನಿಂತ ನೋಡಾಕತ್ತೀರೇನು?"

ಡ್ರಾಯರಿನತ್ತ ಓಡಿದೆ. ಆ ಲಕೋಟೆಯನ್ನು ಬಿಚ್ಚಿದ್ದು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಪಿನ್ನುಗಳನ್ನು ಅಷ್ಟು ಗಟ್ಟಿಯಾಗಿ ಹೊಡೆದವನು ನಾನೇ. ಎರಡು ಪಿನ್ ಉಗುರಿನ ಸಂದಿಗೆ ಚುಚ್ಚಿದವು. ಕೊನೆಗೆ ಹಲ್ಲಿನಿಂದ ಹರಿದೆ. ತುಟಿಗೆ ಪುಡಿ ತಾಗಿತು. ಏಲಕ್ಕಿ ಹಾಕಿ ಕುಟ್ಟಿದ ಸಕ್ಕರೆ.

ಚಿಟಿಕೆ ಚಿಟಿಕೆಯಾಗಿ ತಿನ್ನಿಸಿದೆವು. ಹತ್ತು ನಿಮಿಷಕ್ಕೆ ನಡುಕ ನಿಂತಿತು, ಮಾತು ನೆಟ್ಟಗಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ಸುಲಿನ್ ತೆಗೆದುಕೊಂಡು ಹೊಟ್ಟೆಗೆ ಏನೂ ಇಲ್ಲದೆ ಭಾರ ಎತ್ತಿದ್ದರಿಂದ ರಕ್ತದ ಸಕ್ಕರೆ ಪೂರ್ತಿ ಇಳಿದಿತ್ತು, ಇನ್ನಷ್ಟು ತಡವಾಗಿದ್ದರೆ ಪ್ರಜ್ಞೆ ಹೋಗುತ್ತಿತ್ತು ಎಂದರು. 'ಇನ್ನಷ್ಟು' ಎಂದರೆ ಎಷ್ಟು ಪಿನ್ ಎಂದು ನಾನು ಕೇಳಲಿಲ್ಲ.

"ಫಾರ್ಮಿನ್ಯಾಗ ಯಾಕ ಬರೀಲಿಲ್ರೀ?" ಎಂದೆ.

ಈರಪ್ಪ ನಿಜಕ್ಕೂ ಆಶ್ಚರ್ಯಪಟ್ಟರು. "ರೋಗ ಐತೇನು ಅಂತ ಕೇಳಿದ್ರಿ. ಶುಗರ್ ಏನ್ ರೋಗ ಏನ್ರೀ? ದಿನಾ ಅಂಗಡಿಗೆ ಹೊಂಟೇನಿ, ಚೀಲ ಎತ್ತಾಕತ್ತೇನಿ. ರೋಗ ಅಂದ್ರ ಹಾಸಿಗಿ ಹಿಡಿಯೂದು."

"ಮತ್ತ ಕದ್ದು ಯಾಕ ತಿಂತಿದ್ರಿ?"

ಅವರು ಬನಿಯನ್ನಿನ ಒಳಗಿದ್ದ ಇಷ್ಟಲಿಂಗವನ್ನು ಮುಟ್ಟಿಕೊಂಡರು. ಮನೆಯಲ್ಲಿ ಪೂಜೆಯಾಗದೆ ಯಾರೂ ತುತ್ತು ಎತ್ತುವುದಿಲ್ಲ, ಪೂಜೆ ಆಗುವುದು ಜಿಮ್‌ನಿಂದ ಹೋಗಿ ಸ್ನಾನ ಮಾಡಿದ ಮೇಲೆ. ಸೂಜಿ ಮಾತ್ರ ಐದೂವರೆಗೇ. "ಡಾಕ್ಟರ್ ಹೇಳ್ಯಾರ, ಕೈಕಾಲು ನಡಗಿದ್ರ ಸಕ್ರಿ ತಿನ್ನು ಅಂತ. ಪೂಜಿಗಿಂತ ಮೊದ್ಲ ತಿನ್ನಬೇಕಾಗತೈತಲ್ರೀ, ಅದಕ್ಕ ತಪ್ಪಾತಪ್ಪಾ ಅಂತ ಲಿಂಗ ಮುಟ್ಟಿ ತಿಂತಿದ್ದೆ."

ಆಗ ಪೊಟ್ಟಣ ಕದ್ದವನು ನಾನೇ ಎಂದು ಒಪ್ಪಿಕೊಂಡೆ. ಅವರು ಗೋಡೆಯತ್ತ ಹೊರಳಿ ಮಲಗಿದರು. ರಿಯಾಜ್, "ನೀವು ಸೇರಿದ ದಿನಾನ ಹೇಳಿದ್ದೆ" ಎಂದರು.

ಆ ವಾರವೇ ಫಾರ್ಮ್ ಬದಲಿಸಿದೆ. ರೋಗದ ಪ್ರಶ್ನೆಯನ್ನು ಹೊಡೆದುಹಾಕಿ, 'ಬೆಳಿಗ್ಗೆ ಎದ್ದ ಮೇಲೆ ಯಾವ ಗುಳಿಗೆ, ಯಾವ ಸೂಜಿ? ಏನು ತಿಂದು ಬಂದಿರಿ?' ಎಂದು ಬರೆದೆ. ಬರೆದು ಸುಮ್ಮನಾಗುವುದಿಲ್ಲ, ಪಕ್ಕದಲ್ಲಿ ಕುಳಿತು ಬಾಯಿಂದಲೂ ಕೇಳುತ್ತೇನೆ. ಈರಪ್ಪ ಫಾರ್ಮಿನಲ್ಲಿ ಸುಳ್ಳು ಬರೆದಿರಲಿಲ್ಲ. ನಾನು ಕೇಳಿದ್ದಕ್ಕೆ ತಮಗೆ ಗೊತ್ತಿದ್ದ ಉತ್ತರ ಕೊಟ್ಟಿದ್ದರು. ಸಂಶಯ ನನ್ನನ್ನು ಈಗಲೂ ಬಿಟ್ಟಿಲ್ಲ, ಆದರೆ ಈ ಕೆಲಸದಲ್ಲಿ ಮೊದಲು ನನ್ನ ಪ್ರಶ್ನೆಯನ್ನೇ ಸಂಶಯದಿಂದ ನೋಡುವುದನ್ನು ಕಲಿತೆ.

ಅವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಹದಿನೈದು ದಿನಕ್ಕೆ ಬಂದರು, ಪೂಜೆ, ನಾಷ್ಟಾ ಎರಡೂ ಮುಗಿಸಿ, ಒಂಬತ್ತರ ಬ್ಯಾಚಿಗೆ. ಎಲ್ಲರ ಎದುರಿಗೇ ಜೇಬಿನಿಂದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ನಿಮ್ಮ ಕಡೆನ ಇರ್ಲಿ ಸರ್. ಪಿನ್ ಮಾತ್ರ ಹೊಡೀಬ್ಯಾಡ್ರಿ."