ವಿಜಯನಗರಕ್ಕೆ ಬಂದ ಹಾಯಿದೋಣಿ

ಜಗತ್ತಿನ ನಾಗರಿಕತೆಗಳೆಲ್ಲ ನದೀತೀರದಲ್ಲಿ ಅರಳಿದವು, ಆದ್ದರಿಂದ ಮನುಷ್ಯನಿಗೆ ನೀರಿನ ಸೆಳೆತ ಹುಟ್ಟಿನಿಂದಲೇ ಬಂದಿರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ನಾಗರಿಕತೆ ಅರಳಿದ್ದು ವಿಜಯನಗರದ ಒಂದು ಬೀದಿ ನಲ್ಲಿಯ ಮುಂದೆ, ಕೊಡಗಳ ಸಾಲಿನಲ್ಲಿ.

ಈ ಘನವಾದ ವಿಚಾರ ನಿನ್ನೆ ನನಗೆ ಹೊಳೆದದ್ದು ವಾರ್ನಿಷ್ ವಾಸನೆಯಿಂದ. ಎದುರು ಮನೆಯವರು ಬಾಗಿಲಿಗೆ ವಾರ್ನಿಷ್ ಹೊಡೆಸುತ್ತಿದ್ದರು. ಹಾಲು ತರಲು ಹೊರಟ ನಾನು ಅಲ್ಲೇ ನಿಂತು ಐದು ನಿಮಿಷ ಮೂಗರಳಿಸಿಕೊಂಡಿದ್ದೆ. “ಯಾಕ್ ಸಾರ್, ಬ್ರಷ್ ಹೊಡೆತ ಸರಿಯಿಲ್ವಾ?” ಎಂದು ಕೆಲಸದವನು ಗಾಬರಿಯಾದ. ಅವನಿಗೆ ಏನೆಂದು ಹೇಳಲಿ? ನಿಮಗೆ ಹೇಳುತ್ತೇನೆ, ನಿಮಗೆ ಪುರಸೊತ್ತಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಾರು ವರ್ಷ, ಕಚೇರಿಯಲ್ಲಿ ಗುಮಾಸ್ತೆ, ಮದುವೆಯಾಗಿಲ್ಲ, ಈಜು ಬರುವುದಿಲ್ಲ. ಒಂದು ಸಂಜೆ ಖಾರಾಬೂಂದಿ ಕಟ್ಟಿಕೊಟ್ಟಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ, ಎಣ್ಣೆಯ ಕಲೆಗಳ ನಡುವೆ, ಪಂದ್ಯಕ್ಕೆ ಬಳಸಿದ ಹಾಯಿದೋಣಿಯೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ಕಂಡಿತು. ಬುದ್ಧಿಯಿರುವವರು ಬೂಂದಿ ತಿಂದು ಕಾಗದ ಎಸೆಯುತ್ತಾರೆ. ನಾನು ಬೂಂದಿಯನ್ನು ತಟ್ಟೆಗೆ ಸುರಿದು ಕಾಗದವನ್ನು ಜೇಬಿಗಿಟ್ಟುಕೊಂಡೆ. ಹಾಳೆ ಎರಡು ತಿಂಗಳು ಹಳೆಯದು. ದೋಣಿ ಈಗಾಗಲೇ ಮಾರಿಹೋಗಿರಬಹುದೆಂದು ರಾತ್ರಿಯೆಲ್ಲ ಹೆದರಿದೆ. ಬೆಂಗಳೂರಿನಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ ಎಂಬ ಸಂಗತಿ ಆಗ ನನಗೆ ತಿಳಿದಿರಲಿಲ್ಲ.

ಮಾರುವವರು ದಂಡುಪ್ರದೇಶದಲ್ಲಿ ಹಳೇ ಹಂಚಿನ ಬಂಗಲೆಯಲ್ಲಿದ್ದ ಒಬ್ಬ ನಿವೃತ್ತ ಮೇಜರ್. ಮಂಡಿನೋವು ಬಂದು ದೋಣಿ ನಡೆಸುವುದನ್ನು ನಿಲ್ಲಿಸಿದವರು. ಮಾವಿನಮರದ ಕೆಳಗೆ ಎರಡು ದಿಮ್ಮಿಗಳ ಮೇಲೆ ಅದು ಕುಳಿತಿತ್ತು: ಹದಿಮೂರು ಅಡಿ ಉದ್ದ, ಈಳಿಗೆಯಂಥ ಮೂತಿ, ಮೈಗೆಲ್ಲ ಜೇನುತುಪ್ಪದ ಬಣ್ಣದ ವಾರ್ನಿಷ್. ಮುಂದೆ ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟಿನ ತಟ್ಟೆಯನ್ನು ನಾನು ನೆಟ್ಟಗೇ ಹಿಡಿದಿದ್ದೆ. ಅಂದು ಮಾತ್ರ ಮೇಜರ್ ಕೊಟ್ಟ ಚಹಾ ಅರ್ಧಕ್ಕರ್ಧ ಸಾಸರಿಗೆ ಚೆಲ್ಲಿತು.

ಮೇಜರ್ ಒಂದು ಗಂಟೆ ಒಂದೊಂದೇ ಭಾಗ ಹಿಡಿದು ವಿವರಿಸಿದರು. ಗೊತ್ತಿಲ್ಲದ ವಿಷಯಕ್ಕೆ ಗೊತ್ತಿದ್ದವನಂತೆ ತಲೆಯಾಡಿಸುವುದು ಕಚೇರಿಯಲ್ಲಿ ನಾನು ಕಲಿತ ಮುಖ್ಯ ವಿದ್ಯೆ. ಹಗ್ಗಕ್ಕೆ ತಲೆಯಾಡಿಸಿದೆ, ಕಂಬಕ್ಕೆ ಆಡಿಸಿದೆ, ಚುಕ್ಕಾಣಿಗೆ ಆಡಿಸಿದೆ. ಕೊನೆಗೆ ನಾಲ್ಕಡಿಯ ನುಣುಪು ಹಲಗೆಯೊಂದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿತ್ತು, “ಎಲ್ಲಕ್ಕಿಂತ ಮುಖ್ಯ ಇದು” ಎಂದರು. ಅದಕ್ಕೂ ತಲೆಯಾಡಿಸಿದೆ.

“ಎಲ್ಲಿ ನಡೆಸ್ತೀರಿ?”

“ಕೆಂಗೇರಿ ಕೆರೇಲಿ ಸಾರ್.”

“ಅಲ್ಲಿ ಕ್ಲಬ್ ಇದೆಯಾ?”

“ಎಮ್ಮೆಗಳಿವೆ ಸಾರ್.”

ಮೇಜರ್ ಬಹಳ ಹೊತ್ತು ನಕ್ಕರು. “ಮೊದಲನೇ ದಿನ ಯಾವತ್ತು ಅಂತ ಒಂದು ಕಾರ್ಡು ಬರೀರಿ. ನೋಡೋಕೆ ಬರ್ತೀನಿ” ಎಂದರು.

ದೋಣಿ ಎತ್ತಿನ ಗಾಡಿಯ ಮೇಲೆ ಮೆಜೆಸ್ಟಿಕ್ ದಾಟಿ, ಮಾಗಡಿ ರಸ್ತೆ ಹಿಡಿದು, ವಿಜಯನಗರಕ್ಕೆ ಬಂತು. ಮೂತಿಯ ಮೇಲೆ ನಾನು ಕುಳಿತಿದ್ದೆ. ದಾರಿಯಲ್ಲಿ ಜನ ಯಾವ ದೇವರ ಉತ್ಸವವೆಂದು ತಿಳಿಯದೆ ಕೈ ಮುಗಿಯಲೋ ಬೇಡವೋ ಎಂದು ನಿಂತರು. ಇಬ್ಬರು ಮುಗಿದೇ ಬಿಟ್ಟರು, ನಾನೂ ಪ್ರತಿಯಾಗಿ ಮುಗಿದೆ. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಪಕ್ಕದ ಮನೆಯ ಸುಬ್ಬಮ್ಮನವರು ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡೇ ಗೇಟಿಗೆ ಬಂದು, “ಏನಪ್ಪಾ, ಇನ್ಮೇಲೆ ನೀರು ಜಾಸ್ತಿ ಬಿಡ್ತಾರಂತಾ?” ಎಂದು ಆಸೆಯಿಂದ ಕೇಳಿದರು.

ಆಮೇಲೆ ನಮ್ಮ ತಂದೆ ಹೊರಗೆ ಬಂದರು. ಅದು ಹೆಚ್ಚು ಭಯಂಕರ. ಅವರು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು; ಮನೆಯಲ್ಲಿ ನಿವೃತ್ತರಾಗಿರಲಿಲ್ಲ. ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಅಂಗಳದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದರು. ಶ್ರಾವಣದಲ್ಲಿ ನನ್ನ ತಂಗಿ ಸರೋಜಳ ಮದುವೆ, ಅದೇ ಅಂಗಳದಲ್ಲಿ ಚಪ್ಪರ.

“ಚಪ್ಪರ ಇರತ್ತೆ, ಇಲ್ಲಾ ಇದಿರತ್ತೆ” ಎಂದರು. “ಆಷಾಢ ಮುಗಿಯೋದ್ರೊಳಗೆ ಇದು ನನ್ನ ಕಣ್ಮುಂದೆ ಕೆರೆ ದಾಟಿ ವಾಪಸ್ ಬರಬೇಕು. ಬರದೇ ಇದ್ರೆ ಸೌದೆ ಡಿಪೋಗೆ. ಹೋಗೋದು ಎಲ್ಲರೂ ಹೋಗ್ತಾರಪ್ಪ. ವಾಪಸ್ ಬರೋದೇ ವಿದ್ಯೆ.”

ನನ್ನ ಕಡೆಯ ತಾಂತ್ರಿಕ ತಜ್ಞರೆಂದರೆ ನಮ್ಮ ಅಕ್ಕನ ಗಂಡ ಶಿವಣ್ಣ ಭಾವ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ನೆಂಟರ ಮನೆಗೆ ಹೋದರೂ ಕುರ್ಚಿ ಅಲ್ಲಾಡಿಸಿ ನೋಡಿಯೇ ಕೂರುವವರು. ಅವರು ದೋಣಿಯ ಕೆಳಗೆ ಮಲಗಿ ತಳಕ್ಕೆ ಬ್ಯಾಟರಿ ಬಿಟ್ಟರು. ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ಕುಟ್ಟಿದರು.

“ಲೋ, ಇಲ್ಲಿ ಬಾ. ತಳದಲ್ಲಿ ತೂತಿದೆ.”

ನಿಜವೇ. ದೋಣಿಯ ನಡುವೆ ಅಂಚೆಪೆಟ್ಟಿಗೆಯಂಥ ಒಂದು ಕಿರಿದಾದ ಗೂಡು, ಅದರ ಬುಡದಲ್ಲಿ ಒಂದಡಿ ಉದ್ದದ ಸೀಳು. ಬೆರಳು ತೂರಿಸಿದರೆ ಆಚೆ ಬಂತು.

“ನಿನ್ನ ಮುಖ ನೋಡೇ ಮಾರಿದಾನೆ ಕಣೋ” ಎಂದು ಭಾವ ಕನಿಕರದಿಂದ ನೋಡಿದರು. “ತೂತಿರೋ ದೋಣೀನ ಒಂದು ಗಂಟೆ ತಲೆಯಾಡಿಸಿ ತಂದಿದೀಯಲ್ಲ.”

ನಮ್ಮ ಮನೆತನದಲ್ಲಿ ತೂತು ಬಿದ್ದ ಯಾವ ವಸ್ತುವನ್ನೂ ಎಸೆದದ್ದಿಲ್ಲ. ಬಿಂದಿಗೆಗೆ ಬೆಸುಗೆ, ಚಪ್ಪಲಿಗೆ ಅಟ್ಟೆ, ಕೊಡೆಗೆ ತೇಪೆ. ಆ ಪರಂಪರೆಯಂತೆ ಭಾವ ಸೀಳಿನ ಮೇಲೆ ಹೊರಗಡೆಯಿಂದ ಹಿತ್ತಾಳೆಯ ತಗಡು ಕೂರಿಸಿ, ಹದಿನಾರು ಸ್ಕ್ರೂ ಬಿಗಿದು, ಸುತ್ತ ಡಾಂಬರು ಮೆತ್ತಿದರು. ಇನ್ನು ಬ್ರಹ್ಮ ಬಂದರೂ ಒಂದು ಹನಿ ಒಳಗೆ ಬಾರದು ಎಂದರು. ಆ ನುಣುಪು ಹಲಗೆ ಏತಕ್ಕೆಂದು ಇಬ್ಬರಿಗೂ ತೋಚಲಿಲ್ಲ. ಅಮ್ಮನಿಗೆ ತಕ್ಷಣ ತೋಚಿತು. ಮದುವೆಯ ಚಕ್ಕುಲಿಯೆಲ್ಲ ಅದರ ಮೇಲೆ ಸಾಲಾಗಿ ಒತ್ತಿಟ್ಟಳು. ಇಷ್ಟು ಒಳ್ಳೆಯ ಹಲಗೆ ತಂದುಕೊಟ್ಟೆಯಲ್ಲ ಎಂದು ನನ್ನನ್ನು ಹೊಗಳಿದಳು. ಆ ದೋಣಿಯ ವಿಷಯದಲ್ಲಿ ನನಗೆ ಸಿಕ್ಕ ಏಕೈಕ ಪ್ರಶಂಸೆ ಅದು.

ಆಷಾಢದ ಕೊನೆಯ ಭಾನುವಾರ ಬೆಳಗ್ಗೆ ಗಾಡಿ ಕೆಂಗೇರಿಗೆ ಹೊರಟಿತು. ಅಮ್ಮ ಚಿತ್ರಾನ್ನ ಕಟ್ಟಿಕೊಂಡಿದ್ದಳು. ತಂದೆಯವರು ಕರೀ ಕೋಟು, ಪಂಚೆ, ಕೊಡೆ. ನೆಲ ಒದ್ದೆಯಿರುತ್ತದೆಂದು ಅವರಿಗೆ ಕೂರಲು ಚಕ್ಕುಲಿ ಹಲಗೆಯನ್ನೂ ಅಮ್ಮ ತಂದಿದ್ದಳು. ದಡದಲ್ಲಿ ಎರಡು ಕಲ್ಲಿನ ಮೇಲೆ ಅದನ್ನಿಟ್ಟು, ತಂದೆಯವರು ಪರೀಕ್ಷಾ ಮೇಲ್ವಿಚಾರಕರಂತೆ ಕುಳಿತು ಗಡಿಯಾರ ನೋಡಿದರು. “ಶುರು ಮಾಡಿ” ಎಂದರು.

ಸೊಂಟಕ್ಕೆ ಲಾರಿ ಟ್ಯೂಬು ಸಿಕ್ಕಿಸಿಕೊಂಡು ನಾನೂ ಭಾವನೂ ದೋಣಿ ಹತ್ತಿದೆವು. ಹಾಯಿ ಬಿಚ್ಚಿದೆ. ಆಷಾಢದ ಗಾಳಿ ನಮ್ಮ ಬೆನ್ನಿಗಿತ್ತು. ಪಟಾರೆಂದು ಹಾಯಿ ಉಬ್ಬಿತು. ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ನೀರು ಎರಡೂ ಕಡೆ ಸರ್ರನೆ ಸೀಳುತ್ತಿತ್ತು, ಎಮ್ಮೆಗಳು ದಾರಿ ಬಿಟ್ಟವು, ಬೆಳ್ಳಕ್ಕಿಗಳು ಎದ್ದವು. ಟೈಪ್‌ರೈಟರು, ಹಾಜರಿಪುಸ್ತಕ, ಹೆಡ್‌ಗುಮಾಸ್ತರ ನಶ್ಯದ ಡಬ್ಬಿ ಎಲ್ಲವೂ ಹಿಂದೆ ಉಳಿದವು. ನಾನು ಕಿರುಚುತ್ತಿದ್ದೇನೆಂಬುದು ಭಾವ ನನ್ನ ಬಾಯಿ ಮುಚ್ಚಿದಾಗಲೇ ನನಗೆ ತಿಳಿದದ್ದು. ಮೂರು ನಿಮಿಷದಲ್ಲಿ ಆಚೆಯ ಏರಿಗೆ ಮೂತಿ ತಗುಲಿತು.

“ಅರ್ಧ ಪಾಸಾದ್ವಿ ಕಣೋ” ಎಂದರು ಭಾವ.

ಉಳಿದರ್ಧ ಶುರುವಾಯಿತು. ದೋಣಿ ತಿರುಗಿಸಿ, ಈಗ ಮುಖಕ್ಕೆ ಹೊಡೆಯುತ್ತಿದ್ದ ಗಾಳಿಗೆ ಹಾಯಿ ಎಳೆದೆವು. ಅದು ನಮ್ಮನ್ನು ನೋಡಿ ನಗುತ್ತಿರುವಂತೆ ಏಡಿಯ ಹಾಗೆ ಪಕ್ಕಕ್ಕೆ ಜಾರಿ ಮತ್ತೆ ಏರಿಗೇ ಬಂತು. ಎಡಕ್ಕೆ ಹಿಡಿದರೂ ಏರಿ, ಬಲಕ್ಕೆ ಹಿಡಿದರೂ ಏರಿ. ಬಟ್ಟೆ ಒಗೆಯುತ್ತಿದ್ದವರು ಕೆಲಸ ನಿಲ್ಲಿಸಿ ಕುಳಿತರು. ಎಮ್ಮೆ ಕಾಯುತ್ತಿದ್ದ ಮುದುಕನೊಬ್ಬ ಆರನೆಯ ಸಲಕ್ಕೆ ತಡೆಯಲಾರದೆ, “ಎಮ್ಮೆ ಕಟ್ಟಿ ಎಳಸ್ಲಾ ಸಾಮಿ?” ಎಂದ. ಆಚೆ ದಡದಲ್ಲಿ ಕೊಡೆ ಅಲ್ಲಾಡದೆ ನಿಂತಿತ್ತು. ನನಗೆ ಸೌದೆ ಡಿಪೋದ ತಕ್ಕಡಿ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಆ ದಡಕ್ಕೆ ಒಂದು ಸ್ಕೂಟರು ಬಂತು. ಅವರು ಹೇಳಿದಂತೆ ಕಾರ್ಡು ಬರೆದಿದ್ದೆ; ಬಂದವರು ಮೇಜರ್. ಅಲ್ಲಿ ನಡೆದ ಮಾತು ಅಮ್ಮ ಆಮೇಲೆ ಹೇಳಿದ್ದು. ಮೇಜರ್ ದೋಣಿಯನ್ನು ನೋಡಿದರು, ತಂದೆಯವರನ್ನು ನೋಡಿದರು, ಅವರ ಕೆಳಗೆ ನೋಡಿದರು.

“ಸ್ವಾಮಿ, ತಾವು ಸ್ವಲ್ಪ ಏಳಬೇಕು.”

“ಯಾಕೆ?”

“ತಾವು ದೋಣಿ ಮೇಲೆ ಕೂತಿದೀರಿ.”

“ದೋಣಿ ಅಲ್ಲಿದೆಯಲ್ಲ.”

“ಅಲ್ಲಿರೋದು ಅರ್ಧ. ಇನ್ನರ್ಧ ಇದು. ಇದು ಮಧ್ಯದ ಗೂಡಲ್ಲಿ ಇಳಿದು ನೀರಲ್ಲಿ ನಿಂತ್ರೇನೇ ದೋಣಿ ಪಕ್ಕಕ್ಕೆ ಜಾರಲ್ಲ.”

ತಂದೆಯವರು ಎದ್ದರು. ಸ್ವಲ್ಪ ಹೊತ್ತಿನಲ್ಲಿ ಏರಿಯ ಮೇಲೆ ಒಂದು ಮೆರವಣಿಗೆ ಕಂಡಿತು: ಮುಂದೆ ಹಲಗೆ ಹೊತ್ತು ಕುಂಟುತ್ತ ಮೇಜರ್, ಹಿಂದೆ ಕೊಡೆ ಹಿಡಿದು ನಮ್ಮ ತಂದೆ. ಮೇಜರ್ ದೋಣಿಯನ್ನು ಮಗುಚಿ ಹಾಕಿಸಿ ಹಿತ್ತಾಳೆಯ ತಗಡನ್ನು ದಿಟ್ಟಿಸಿದರು.

“ಇದನ್ನ ಮಾಡಿದ್ದು ಯಾರು?”

“ನಾನೇ ಸಾರ್” ಎಂದರು ಭಾವ, ತುಸು ನಾಚಿಕೊಂಡು. “ಹದಿನಾರು ಸ್ಕ್ರೂ.”

“ಬಿಚ್ಚೋಕಾಗತ್ತಾ?”

“ನಾನು ಹಾಕಿದ್ದು ಬಿಚ್ಚೋಕೆ ಇವತ್ತಿನವರೆಗೂ ಯಾರ ಕೈಲೂ ಆಗಿಲ್ಲ ಸಾರ್.”

ಕೊನೆಗೆ ಅವರೇ ಬಿಚ್ಚಿದರು, ಒಂದೊಂದು ಸ್ಕ್ರೂಗೂ ನಿಟ್ಟುಸಿರಿಟ್ಟು. ಉಳಿದ ತೂತುಗಳಿಗೆ ಬಟ್ಟೆ ಒಗೆಯುವವರಿಂದ ಸೋಪು ಇಸಕೊಂಡು ಮೆತ್ತಿದ್ದಾಯಿತು. ಚಕ್ಕುಲಿ ಹಲಗೆ ಗೂಡಿನೊಳಗೆ ಕೀಲಿಯಂತೆ ಇಳಿಯಿತು. ಮೇಜರ್ ಚುಕ್ಕಾಣಿ ಹಿಡಿದು “ಬನ್ನಿ” ಎಂದು ನನ್ನನ್ನು ಕರೆದರು. ನಾನು ಕಾಲೆತ್ತುವಷ್ಟರಲ್ಲಿ ತಂದೆಯವರು ಕೊಡೆ ಮಡಿಸಿ, ಪಂಚೆ ಮೇಲಕ್ಕೆ ಕಟ್ಟಿ ಹತ್ತಿ ಕುಳಿತಿದ್ದರು. “ಪರೀಕ್ಷಕ ದೂರದಿಂದ ನೋಡಿದ್ರೆ ಸಾಲದು” ಎಂದರು.

ದೋಣಿ ಗಾಳಿಗೆದುರಾಗಿ ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ, ಅಂಕುಡೊಂಕಾಗಿ ಏರತೊಡಗಿತು. ನಾನೂ ಭಾವನೂ ಸೊಂಟದ ಟ್ಯೂಬಿನ ಸಮೇತ ಏರಿಯ ಮೇಲೆ ಓಡಿದೆವು. ನೀರಿನ ಮೇಲಿಂದ ತಂದೆಯವರ ಧ್ವನಿ ತೇಲಿ ಬರುತ್ತಿತ್ತು, ತರಗತಿಯ ಧ್ವನಿ: “ಈಗ ತಿರುಗಿಸಿ ಸ್ವಾಮಿ, ಕೋನ ಜಾಸ್ತಿಯಾಯ್ತು!” ನಡುಗೆರೆ ದಾಟುವಾಗ ಚುಕ್ಕಾಣಿ ಯಾರ ಕೈಯಲ್ಲಿತ್ತೆಂಬುದು ಹಾಯಿಯ ಮರೆಯಲ್ಲಿ ನಮಗೆ ಕಾಣಲಿಲ್ಲ. ದಡ ಸೇರಿದಾಗ ಮಾತ್ರ ಅದು ಕರೀ ಕೋಟಿನ ಕೈಯಲ್ಲಿತ್ತು.

ತಂದೆಯವರು ಮಂಡಿಯವರೆಗೆ ನೆನೆದು ಇಳಿದರು. ಕನ್ನಡಕದ ಮೇಲೆ ನೀರಹನಿ, ಒರೆಸಿಕೊಳ್ಳಲಿಲ್ಲ.

“ಮೂವತ್ತೆರಡು ವರ್ಷ ತ್ರಿಕೋನ ಕಲಿಸಿದೆ ಕಣೇ” ಎಂದು ಅಮ್ಮನಿಗೆ ಹೇಳಿದರು. “ಒಂದರೊಳಗೂ ಕೂತಿರ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಫಲಿತಾಂಶ ಪ್ರಕಟಿಸಿದರು. “ದೋಣಿ ಪಾಸು. ನೀನು ಫೇಲು.”

ಚಪ್ಪರವನ್ನು ಬೀದಿಗೆ ಹಾಕಿಸಿದರು. ಬೀಗರು ದೋಣಿಯ ಪಕ್ಕದಲ್ಲಿ ಕೈ ತೊಳೆದರು.

ಇದನ್ನು ಬರೆಯಲು ಕುಳಿತಾಗ ‘ನನ್ನ ದೋಣಿ’ಯ ಬಗ್ಗೆ ಬರೆಯುತ್ತೇನೆಂದೇ ಅಂದುಕೊಂಡಿದ್ದೆ. ಇಷ್ಟು ವರ್ಷ ಎಲ್ಲರೆದುರೂ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಈಗ ಮೊದಲಿನಿಂದ ಓದಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆಮೇಲಿನ ಒಂಬತ್ತು ವರ್ಷ, ಗಾಳಿಯಿದ್ದ ಭಾನುವಾರಗಳಲ್ಲೆಲ್ಲ, ಅದರ ಚುಕ್ಕಾಣಿ ಹಿಡಿದು ಕುಳಿತವರು ನಮ್ಮ ತಂದೆ. ನಾನು ಡಬ್ಬದಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದೆ.