ಬಾಲರಾಜು ಅಳಿಸದೆ ಬಿಟ್ಟ ಸಾಲು

ಹಿರಿಯೂರು ಬಸ್ ನಿಲ್ದಾಣದ ಎದುರು ನನ್ನ ಗಡಿಯಾರ ರಿಪೇರಿ ಅಂಗಡಿಗೆ ಅಂಟಿಕೊಂಡೇ ಬಾಲರಾಜುವಿನ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇದೆ. ನಡುವೆ ಇರುವುದು ಒಂದೇ ಒಂದು ಪ್ಲೈವುಡ್ ಹಲಗೆ. ಅವನು ಸೀನಿದರೆ ನನ್ನ ಮೇಜಿನ ಮೇಲಿನ ಸ್ಕ್ರೂಗಳು ಜಾಗ ಬದಲಿಸುತ್ತವೆ. ಇಪ್ಪತ್ತೆರಡು ವರ್ಷದಿಂದ ಹೀಗೆ ಬದುಕಿದ್ದೇವೆ. ಹಾಗಾಗಿ ಅವನ ಬಗ್ಗೆ ಮಾತಾಡುವ ಹಕ್ಕು ಅವನ ಹೆಂಡತಿಯನ್ನು ಬಿಟ್ಟರೆ ನನಗೇ ಹೆಚ್ಚು.

ಬಾಲರಾಜು ಆದಿವಾಲದವನು. ಮೊದಲು ಮದುವೆ ಕಾರ್ಡು ಮಾಡುತ್ತಿದ್ದ. ಜನ ಮೊಬೈಲಿನಲ್ಲೇ ಮದುವೆಗೆ ಕರೆಯಲು ಶುರುಮಾಡಿದ ಮೇಲೆ ರೆಸ್ಯೂಮೆಗೆ ಇಳಿದ. ಕೈ ಮಾತ್ರ ಹಳೆಯದೇ. ಸುತ್ತ ಹೂಬಳ್ಳಿಯ ಅಂಚು, ನೆತ್ತಿಯ ಮೇಲೆ ಕನ್ನಡದಲ್ಲಿ ದೇವರ ಹೆಸರು, ಬಲಗಡೆ ಮೊಟ್ಟೆಯಾಕಾರದ ಫೋಟೊ, ಒಳಗೆ ಗೆರೆ ಎಳೆದ ಚೌಕದ ಮನೆಗಳಲ್ಲಿ ಇಂಗ್ಲಿಷಿನಲ್ಲಿ ಓದು, ಅನುಭವ. "ಇದು ಕೆಲಸ ಕೇಳೋದಕ್ಕಾ, ಹೆಣ್ಣು ಕೇಳೋದಕ್ಕಾ?" ಎಂದು ನಾನು ಕೆಣಕುತ್ತಿದ್ದೆ. "ಮುಳ್ಳು ತಿರುಗ್ಸೋನಿಗೆ ಇದೆಲ್ಲ ಎಲ್ಲಿ ತಿಳಿಬೇಕು" ಎನ್ನುತ್ತಿದ್ದ.

ಅವನಿಗೊಂದು ಚಾಳಿ ಇತ್ತು. ಒಮ್ಮೆ ಟೈಪು ಮಾಡಿದ್ದನ್ನು ಅಳಿಸುತ್ತಿರಲಿಲ್ಲ. ಒಂದು ಸಾಲು ಅಳಿಸಿದರೆ ಕೆಳಗಿನ ಮನೆಗಳು ಮೇಲೇರಿ, ಫೋಟೊ ಜಾರಿ, ಹೂಬಳ್ಳಿ ಹರಿದುಹೋಗುತ್ತಿತ್ತು. ಬಳ್ಳಿ ಹರಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆದ್ದರಿಂದ ಬೇಡದ ಸಾಲಿನ ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟುಬಿಡುತ್ತಿದ್ದ. ಬಿಳಿ ಹಾಳೆಯ ಮೇಲಿನ ಬಿಳಿ ಅಕ್ಷರ ನನ್ನ ರಿಪೇರಿ ಮಸೂರಕ್ಕೂ ಕಾಣುವುದಿಲ್ಲ.

ಕಳೆದ ವರ್ಷ ಧರ್ಮಪುರದ ಕಡೆಯಿಂದ ಮೌನಿಕಾ ಎಂಬ ಹುಡುಗಿ ಬಂದಳು. ಬಿ.ಕಾಂ. ಮುಗಿಸಿ ಮೂರು ವರ್ಷವಾಗಿತ್ತು. ಆ ಮೂರು ವರ್ಷ ಏನು ಮಾಡಿದೆ ಎಂದು ಬಾಲರಾಜು ಕೇಳಿದ. ಅಪ್ಪ ಚಿತ್ತಪ್ಪ ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದರಿಂದ, ಮನೆಯ ನೂರೆಂಬತ್ತು ಕುರಿಗಳನ್ನು ತಾನೇ ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಿದ್ದೆ ಎಂದಳು. ಅವನು ಗಿರಾಕಿ ಹೇಳಿದ್ದನ್ನೆಲ್ಲ ಟೈಪು ಮಾಡುವವನು. ಅನುಭವದ ಮನೆಯಲ್ಲಿ ಅದನ್ನೇ ಹಾಕಿದ. ಪರದೆಯ ಮೇಲೆ ಓದಿದ ಹುಡುಗಿಯ ಮುಖ ಸಣ್ಣಗಾಯಿತು.

"ಅದೊಂದ್ ತೆಗೀರಿ ಅಣ್ಣ. ಇಷ್ಟು ಓದಿ ಕುರಿ ಕಾಯ್ದಳಂತೆ ಅಂತ ನಗ್ತಾರೆ."

ಬಾಲರಾಜು ಆ ಸಾಲನ್ನು ಬಿಳಿ ಮಾಡಿದ. ಅವಳು ಅದೇ ರೆಸ್ಯೂಮೆ ಹಿಡಿದು ಹನ್ನೊಂದು ಕಡೆ ಅರ್ಜಿ ಹಾಕಿದಳು. ನಗುವುದಿರಲಿ, ಇಲ್ಲ ಎನ್ನಲೂ ಯಾರೂ ಫೋನು ಮಾಡಲಿಲ್ಲ.

ಹನ್ನೆರಡನೆಯದಕ್ಕೆ ಈ ವರ್ಷ ಮತ್ತೆ ಬಂದಳು. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಕರೆಂಟು ಮಾಡುವ ಗಾಳಿ ಕಂಬ ನಿಲ್ಲಿಸಿರುವ ಒಂದು ಕಂಪನಿಯಲ್ಲಿ ಸಹಾಯಕಿಯ ಕೆಲಸ. ಅಂದೇ ಕೊನೆಯ ದಿನ. "ಇದೂ ಆಗ್ಲಿಲ್ಲ ಅಂದ್ರೆ ಸಾಕು ಅಣ್ಣ, ಗಾರ್ಮೆಂಟ್ಸ್‌ಗೆ ಹೋಗ್ತೀನಿ" ಎಂದಳು. ಆದರೆ ಕಂಪನಿಯ ವೆಬ್ ಪುಟ ಹೂಬಳ್ಳಿಯ ರೆಸ್ಯೂಮೆಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಪ್ಲೇನ್ ಟೆಕ್ಸ್ಟ್ ಬೇಕು, ಅಂದರೆ ಬಣ್ಣವಿಲ್ಲದ, ಚೌಕಟ್ಟಿಲ್ಲದ, ಬರೀ ಅಕ್ಷರ ಬೇಕು ಎಂದಿತು.

"ಸೇವ್ ಮಾಡೋ ಜಾಗದಲ್ಲಿ ಪ್ಲೇನ್ ಟೆಕ್ಸ್ಟ್ ಅಂತ ಐತಲ್ಲ ಅಣ್ಣ, ಅದನ್ನ ಒತ್ತಿ" ಎಂದು ಅವಳೇ ತೋರಿಸಿದಳು.

ಒತ್ತಿದರೆ, ಚಿತ್ರ ಮತ್ತು ವಿನ್ಯಾಸ ಎಲ್ಲ ಹೋಗುತ್ತದೆ, ಪರವಾಗಿಲ್ಲವೇ ಎಂದು ಕಂಪ್ಯೂಟರ್ ಕೇಳಿತು. ಬಾಲರಾಜು ಅದನ್ನು ಮನಸ್ಸಿಗೇ ಹಚ್ಚಿಕೊಂಡ. "ನೋಡಪ್ಪ ಶಿವಯ್ಯ, ಮರ್ಯಾದೆ ತೆಗಿಯೋ ಮುಂಚೆ ಅಪ್ಪಣೆ ಬೇರೆ ಕೇಳ್ತೈತೆ" ಎಂದು ಹಲಗೆಯ ಆಚೆಯಿಂದ ನನಗೆ ಕೂಗಿ ಹೇಳಿದ. ಒಪ್ಪಿಗೆ ಒತ್ತಿದ. ಹೂಬಳ್ಳಿ ಹೋಯಿತು, ಫೋಟೊ ಹೋಯಿತು. ಹಳೇ ಕನ್ನಡ ಫಾಂಟಿನಲ್ಲಿದ್ದ ದೇವರ ಹೆಸರು ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳಾಗಿ ಕೂತಿತ್ತು. ಅವನು ಗಾಬರಿಯಿಂದ ಕೈಮುಗಿದು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಏನನ್ನೋ ಅಳಿಸಿದ. ದೇವರ ಗಡಿಬಿಡಿಯಲ್ಲಿ ಕೆಳಗೆ ನೋಡಲಿಲ್ಲ. ಅವಳಿಗೆ ಐದರ ಬಸ್ಸಿನ ಆತುರ. ಅರ್ಜಿ ಹೋಯಿತು.

ಮರುವಾರ ಶನಿವಾರ ಅದೇ ಕಡತ ತೆಗೆದು ನನ್ನನ್ನು ಕರೆದ. "ಬೋಳು ಮಾಡಿ ಕಳ್ಸಿದೀನಿ ನೋಡು ಆ ಮಗೀನ" ಎಂದು ಹಲುಬಿದ. ನಾನು ಸುಮ್ಮನೆ ಓದುತ್ತಾ ಹೋದೆ. ಹೆಸರು, ಊರು, ಬಿ.ಕಾಂ., ಮೂರು ವರ್ಷ ನೂರೆಂಬತ್ತು ಕುರಿ ಕಾಯ್ದ ಅನುಭವ.

"ಲೇ, ಇದು ಎಲ್ಲಿಂದ ಬಂತು?" ಎಂದೆ.

ಬಾಲರಾಜು ಕುರ್ಚಿಯಲ್ಲಿ ಕುಸಿದ. ಬಣ್ಣವೆಲ್ಲ ಹೋಗುತ್ತದೆ ಎಂದರೆ ಬಿಳಿ ಬಣ್ಣವೂ ಹೋಗುತ್ತದೆ ಎಂಬುದು ಆ ಮನುಷ್ಯನಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯುತ್ತಿರಲಿಲ್ಲ. ಫೋನು ಮಾಡಿ ತಿಳಿಸು ಎಂದೆ. ಇಂಥದ್ದನ್ನು ಫೋನಿನಲ್ಲಿ ಹೇಳಬಾರದು ಎಂದ. "ನಾಳೆ ಹೋಗಾಣ, ನೀನೂ ಬಾ. ಆ ಹುಡುಗಿ ಬಾಳು ಹಾಳು ಮಾಡ್ದೆ ನಾನು." ಅವನ ಕಣ್ಣಲ್ಲಿ ನೀರಿತ್ತು. ಅವನನ್ನು ಆಡಿಕೊಳ್ಳಲು ನನಗೆ ಮನಸ್ಸಾಗದ ದಿನ ಅದೊಂದೇ.

ಭಾನುವಾರ ಬಸ್ಸಿಳಿದು ಶೇಂಗಾ ಹೊಲಗಳ ಬದಿಯಲ್ಲಿ ಎರಡು ಮೈಲಿ ನಡೆದೆವು. ಚಿತ್ತಪ್ಪ ಮುಳ್ಳುಬೇಲಿಯ ಕುರಿ ರೊಪ್ಪದ ಪಕ್ಕ ಮುರಿದು ಕೂಡಿದ ಕಾಲನ್ನು ಚಾಚಿ ಕೂತಿದ್ದ. "ಬರ್ರಿ, ಕುಂತ್ಕಳ್ರಿ" ಎಂದ. ಮೌನಿಕಾ ನೀರು ತಂದಳು. ಬಾಲರಾಜು ಚೊಂಬು ಹಿಡಿದುಕೊಂಡೇ ನಿಂತ.

"ತಂಗಿ, ತಪ್ಪಾಗೈತೆ. ನೀನು ತೆಗೀರಿ ಅಂದಿದ್ದ ಕುರಿ ಸಾಲು ನಾನು ಅಳಿಸ್ದೆ ಬರೀ ಬಿಳಿ ಮಾಡಿದ್ದೆ, ಅದು ಕಂಪನಿಗೆ ಹೋಗ್ಬಿಟ್ಟೈತೆ."

"ಯಾವ ಕುರಿ ಸಾಲು?" ಎಂದ ಚಿತ್ತಪ್ಪ.

ಬಾಲರಾಜು ನನ್ನ ಕಡೆ ನೋಡಿದ. ಕಡೆಗೆ ಹುಡುಗಿಯೇ ಹೇಳಿದಳು. "ನಾನು ಕುರಿ ಕಾಯ್ದಿದ್ದು ರೆಸ್ಯೂಮೆಯಿಂದ ತೆಗೀರಿ ಅಂದಿದ್ದೆ ಅಪ್ಪ. ನಾಚಿಕೆ ಆಗಿತ್ತು."

ಚಿತ್ತಪ್ಪ ಸಿಟ್ಟಾಗಲಿಲ್ಲ. ರೊಪ್ಪದ ಕಡೆ ನೋಡಿದ. "ಕಾಯ್ದಿದ್ದೇನ್ ಸುಳ್ಳಲ್ವಲ್ಲ" ಎಂದಷ್ಟೇ ಹೇಳಿದ. ಎದ್ದು ಬೈದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು.

"ಶುಕ್ರವಾರ ಅವರ ಫೋನ್ ಬಂತು ಅಣ್ಣ" ಎಂದಳು ಮೌನಿಕಾ, ಬಾಲರಾಜುವಿನ ಕಡೆ ತಿರುಗಿ. "ಮೊದ್ಲು ಕೇಳಿದ್ದೇ ಕುರಿ ವಿಷ್ಯ. ನಿಮ್ಮ ಮೇಲೆ ಸಿಕ್ಕಾಪಟ್ಟೆ ಸಿಟ್ಟು ಬಂತು. ಯಾವ ಗುಡ್ಡ ಅಂದ್ರು, ಹೇಳ್ದೆ. ಅಲ್ಲೆಲ್ಲ ನಮ್ಮ ಕಂಬ ಅವೆ, ದಾರಿ ಗೊತ್ತಾ ಅಂದ್ರು. ದಾರಿ ಇಲ್ಲದ ಕಡೆನೂ ಗೊತ್ತು ಅಂದೆ."

ಕಂಬದಿಂದ ಕಂಬಕ್ಕೆ ನಡೆಯಬಲ್ಲ, ಅಲ್ಲಿ ಮೇಯಿಸುವವರ ಹತ್ತಿರ ಮಾತಾಡಬಲ್ಲ ಒಬ್ಬರು ಅವರಿಗೆ ಬೇಕಿತ್ತಂತೆ. ಶನಿವಾರವೇ ಕೆಲಸ ಗಟ್ಟಿಯಾಗಿತ್ತು. ಮನೆಯಲ್ಲಿ ಕೆಲಸದ ಸುದ್ದಿ ಹೇಳಿದ್ದಳು, ಬಿಳಿ ಸಾಲಿನ ಸುದ್ದಿ ಹೇಳಿರಲಿಲ್ಲ. ಬಾಲರಾಜು ಆಗ ಕೂತ. ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದ.

ಸೋಮವಾರ ಬೆಳಿಗ್ಗೆ ಅಪ್ಪ ಮಗಳು ಇಬ್ಬರೂ ಅಂಗಡಿಗೆ ಬಂದರು. ಸಹಿ ಮಾಡಿದ ರೆಸ್ಯೂಮೆಯ ಒಂದು ಪ್ರತಿ ತರಬೇಕೆಂದು ಕಂಪನಿಯವರು ಹೇಳಿದ್ದರು. ಬಾಲರಾಜು ಹೂಬಳ್ಳಿಯದನ್ನೇ ತೆರೆದ. ಅನುಭವದ ಮನೆ ಬೆಳ್ಳಗೆ ಖಾಲಿಯಿತ್ತು.

"ಅದನ್ನ ಕಪ್ಪು ಮಾಡಿ ಅಣ್ಣ" ಎಂದಳು ಮೌನಿಕಾ.

ಮಾಡಿದ. ಖಾಲಿ ಮನೆಯಲ್ಲಿ ಇಂಗ್ಲಿಷ್ ಸಾಲೊಂದು ಎದ್ದು ನಿಂತಿತು. ಚಿತ್ತಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಅದು ಯಾವುದು ತೋರಿಸಿ ಎಂದ. ಬಾಲರಾಜು ಬೆರಳಿಟ್ಟು ತೋರಿಸಿದ. ಚಿತ್ತಪ್ಪ ಪರದೆಯ ಹತ್ತಿರ ಬಗ್ಗಿ, ಆ ತುದಿಯಿಂದ ಈ ತುದಿಗೆ ನೋಡಿದ.

"ಮೂರು ವರ್ಷ ಇಷ್ಟೇನಾ?" ಎಂದ. "ಮಳೆ ಬಂತು, ಚಿರತೆ ಬಂತು, ನಲವತ್ತು ಮರಿ ಹಾಕ್ಸಿದ್ಲು ಒಬ್ಬಳೇ. ಎಲ್ಲಾ ಹಾಕಪ್ಪ."

ಮೌನಿಕಾ ಕಣ್ಣೊರೆಸಿಕೊಂಡು, ಒಂದೊಂದಾಗಿ ಹೇಳತೊಡಗಿದಳು. ಬಾಲರಾಜು ಟೈಪು ಮಾಡುತ್ತಾ ಹೋದ. ಕೆಳಗಿನ ಮನೆಗಳು ಇನ್ನೂ ಕೆಳಗಿಳಿದವು, ಫೋಟೊ ಜಾರಿತು, ಹೂಬಳ್ಳಿ ಎರಡು ಕಡೆ ಹರಿಯಿತು. ಅವನು ಅದರ ಕಡೆ ನೋಡಲೇ ಇಲ್ಲ.